ಹಕ್ಕಿ ಬಾಯಿ ಹಚ್ಚಿದ ಹಣ್ಣು

ಹಕ್ಕಿ ಕಚ್ಚಿದ ಹಣ್ಣನ್ನು ತಿನ್ನಬೇಡಿ ಎಂದು ಈಗ ಎಲ್ಲರೂ ನನಗೆ ಬುದ್ಧಿ ಹೇಳುತ್ತಾರೆ. ಫೋನು ತೆರೆದರೆ ಅದೇ ಮಾತು, ದವಾಖಾನೆಯ ಗೋಡೆಯ ಮೇಲೂ ಅದೇ ಮಾತು. ನಮ್ಮೂರು ಇಂಡಿಯ ಸಂತೆಯಲ್ಲಿ ಪೇರಲ ಮಾರುವ ಹುಡುಗಿ ಕೂಡ, ನಾನು ಬುಟ್ಟಿಯ ತಳ ಕೆದಕಿ ಕೊಕ್ಕಿನ ಗುರುತಿರುವ ಹಣ್ಣು ತೆಗೆದರೆ, "ಅದ ಬ್ಯಾಡ್ರಿ ಟೀಚರ್, ಕೆಟ್ಟೈತಿ" ಎಂದು ಕಸಿದುಕೊಳ್ಳಲು ಬರುತ್ತಾಳೆ. ಡಾಕ್ಟರ ಮಾತಿಗೆ ನಾನು ಎದುರಾಡುವವಳಲ್ಲ; ಅವರ ಕೆಲಸ ಅವರು ಮಾಡಲಿ. ಆದರೆ ಯಾರಾದರೂ ಅದನ್ನು ಎಂಜಲು ಎಂದು ಮೂಗು ಮುರಿದರೆ ಮಾತ್ರ ನನ್ನ ಪಿತ್ತ ನೆತ್ತಿಗೇರುತ್ತದೆ. ನೌಕರಿ ಮಾಡಿದಷ್ಟು ಕಾಲವೂ ನನಗೆ ಹಟಮಾರಿ ಎಂಬ ಹೆಸರಿತ್ತು. ತಪ್ಪು ನನ್ನದಲ್ಲ ಎಂದು ಗೊತ್ತಿದ್ದಾಗ ನಾನು ಯಾವ ಹೆಡ್‌ಮಾಸ್ತರರ ಮುಂದೆಯೂ ತಲೆ ತಗ್ಗಿಸಿ ನಿಂತಿಲ್ಲ. ಈ ಹಟ ಹುಟ್ಟಿನಿಂದ ಬಂದದ್ದು ಎಂದು ಜನ ತಿಳಿದಿದ್ದಾರೆ. ಸುಳ್ಳು. ಅದನ್ನು ನನಗೆ ನಮ್ಮ ಮನೆಯ ಪಡಸಾಲೆಯಲ್ಲಿ, ಹಗಲು ಹೊತ್ತಿನಲ್ಲಿ, ಬೀಗರಾಗಬೇಕಾದವರ ಎದುರಿಗೆ ಕಲಿಸಿದರು.

ನಮ್ಮದು ಹಣ್ಣಿನ ವ್ಯಾಪಾರದ ಬಾಗವಾನರ ಮನೆ. ಅಪ್ಪ ಲಾಲಸಾಬ ಪ್ರತಿ ವರ್ಷ ಅಗರಖೇಡದಲ್ಲಿ ಭೀಮಾ ನದಿಯ ದಂಡೆಗಿದ್ದ ಒಂದು ಪೇರಲ ತೋಟ ಹಿಡಿಯುತ್ತಿದ್ದ. ಹಿಡಿಯುವುದೆಂದರೆ ಗಿಡ ಊರ ಗೌಡರದು, ಆ ವರ್ಷದ ಕಾಯಿ ನಮ್ಮದು. ಇಂಡಿಯಲ್ಲಿದ್ದ ಮನೆಗೆ ಮಣ್ಣಿನ ಮಾಳಿಗೆ. ಮುಂದೆ ಪಡಸಾಲೆ, ಹಿಂದೆ ಅಡುಗೆಮನೆ, ನಡುವೆ ಹಣ್ಣಿನ ಕೋಣೆ. ಬೇಸಿಗೆಯಲ್ಲಿ ಮಾವಿನಕಾಯಿಯನ್ನು ಹಣ್ಣಾಗಲೆಂದು ಹುಲ್ಲಿನಲ್ಲಿ ಅಡಿ ಹಾಕುತ್ತಿದ್ದುದೂ ಅಲ್ಲೇ, ಚಳಿಗಾಲದಲ್ಲಿ ಪೇರಲ ಸುರಿಯುತ್ತಿದ್ದುದೂ ಅಲ್ಲೇ. ನಮಗೆ ಮಲಗಲು ಬೇರೆ ಕೋಣೆ ಇರಲಿಲ್ಲವಾದ್ದರಿಂದ ಅಕ್ಕ ಮತ್ತು ನಾನು ಆ ಬುಟ್ಟಿಗಳ ಸಂದಿಯಲ್ಲೇ ಹಾಸಿಕೊಳ್ಳುತ್ತಿದ್ದೆವು. ಬಟ್ಟೆಗೆ, ಕೂದಲಿಗೆ, ಪಾಟಿಚೀಲಕ್ಕೆಲ್ಲ ಹಣ್ಣಿನ ವಾಸನೆ. ಸಾಲೆಯಲ್ಲಿ ನಾನು ಬಂದದ್ದು ತಿರುಗಿ ನೋಡದೆಯೇ ಎಲ್ಲರಿಗೂ ಗೊತ್ತಾಗುತ್ತಿತ್ತು. ಸಂಜೆ ಬುಟ್ಟಿಗಳು ಬಂದವೆಂದರೆ ಗೋಣಿತಟ್ಟು ಹಾಸಿ ಮನೆಮಂದಿಯೆಲ್ಲ ಆರಿಸಲು ಕೂಡುತ್ತಿದ್ದೆವು. ಗಟ್ಟಿಯಾದ ನುಣುಪು ಹಣ್ಣು ಪೇಟೆಗೆ. ಮೆತ್ತಗಾದದ್ದು ಅಪ್ಪನ ಕೈಗಾಡಿಗೆ. ಹಕ್ಕಿ ಕಚ್ಚಿದ್ದು ನಮಗೆ. ನಮ್ಮ ಮನೆಯ ಮಕ್ಕಳು ಇಡೀ ಹಣ್ಣು ತಿಂದವರೇ ಅಲ್ಲ. ಇದನ್ನು ಹೇಳಿದರೆ ಕೇಳಿದವರು ‘ಅಯ್ಯೋ ಪಾಪ’ ಎನ್ನುತ್ತಾರೆ. ಅವರ ಪಾಪ ಅವರೇ ಇಟ್ಟುಕೊಳ್ಳಲಿ, ನನಗೆ ಬೇಡ. ಕಚ್ಚಿದ ಕಡೆ ಚಾಕುವಿನಿಂದ ಕೆತ್ತಿ, ಉಳಿದದ್ದಕ್ಕೆ ಉಪ್ಪು ಖಾರ ಸವರಿ, ಬಿಸಿ ರೊಟ್ಟಿಯ ಮಗ್ಗುಲಿಗೆ ಇಟ್ಟುಕೊಂಡು ನಾವು ತಿಂದ ಪೇರಲದ ರುಚಿಯನ್ನು ಊರ ಸಾಹುಕಾರರ ಮಕ್ಕಳು ಕಂಡಿರಲಿಲ್ಲ. ತೀರ ಹಣ್ಣಾದದ್ದಕ್ಕೆ ಅವ್ವ ಬೆಲ್ಲ ಹಾಕಿ ಪಲ್ಯ ಮಾಡುತ್ತಿದ್ದಳು. ಅದಕ್ಕಂತೂ ನಮ್ಮಲ್ಲಿ ಹೊಡೆದಾಟವೇ ಆಗುತ್ತಿತ್ತು.

ಕಚ್ಚುವ ಹಕ್ಕಿಗಳು ಬೇಕಾದಷ್ಟಿದ್ದವು. ಗಿಳಿಗಳು ಬಂದರೆ ಅಪ್ಪ ಡಬ್ಬಿ ಬಾರಿಸಿ ಓಡಿಸುತ್ತಿದ್ದ. ಅವು ತಿನ್ನುವುದಕ್ಕಿಂತ ಕೆಡವುವುದೇ ಹೆಚ್ಚು. ಆದರೆ ಒಂದು ಹಕ್ಕಿಯನ್ನು ಮಾತ್ರ ಯಾರೂ ಅಟ್ಟುತ್ತಿರಲಿಲ್ಲ. ಮುಷ್ಟಿಯಲ್ಲಿ ಅಡಗುವಷ್ಟು ಸಣ್ಣದು, ಹಸಿರು ಮೈ, ಹಣೆಗೆ ಕುಂಕುಮ ಬಡಿದ ಹಾಗೆ ಕೆಂಪು, ಗಂಟಲಿಗೆ ಹಳದಿ, ದಪ್ಪ ಕೊಕ್ಕಿನ ಬುಡಕ್ಕೆ ಮುದುಕನ ಮೀಸೆ. ಬಿಸಿಲೇರಿತೆಂದರೆ ಗಿಡದ ತುದಿಗೆ ಕೂತು ಟುಕ್ ಟುಕ್ ಟುಕ್ ಎಂದು ಹಂಡೆ ಬಡಿಯುವ ಹಾಗೆ ಒಂದೇ ಸಮನೆ ಕೂಗುತ್ತಿತ್ತು. ಅದಕ್ಕೇ ಅಪ್ಪನ ತಾಯಿ, ನಾವು ಆಯಿ ಎನ್ನುತ್ತಿದ್ದವಳು, ಅದನ್ನು ಕಂಚಗಾರ ಎಂದು ಕರೆಯುತ್ತಿದ್ದಳು. ಈಚೆಗೆ ಒಮ್ಮೆ ನಮ್ಮ ಟೀಚರುಗಳ ಗುಂಪಿನೊಡನೆ ಘಟ್ಟದ ಕಾಡಿಗೆ ಹೋಗಿದ್ದಾಗ ಇದರ ದೊಡ್ಡಪ್ಪ ಚಿಕ್ಕಪ್ಪಂದಿರೆಲ್ಲ ಅಲ್ಲಿ ಕೂಗುತ್ತಿದ್ದರು. ಇವು ಹಣ್ಣು ತಿಂದು ಬದುಕುವ ಹಕ್ಕಿಗಳು, ಗುಡ್ಡ ಕಾಡು ಇದ್ದಲ್ಲಿ ಇವರ ಸಂಸಾರ ದೊಡ್ಡದು ಎಂದು ಜೊತೆಗೆ ಬಂದವನು ವಿವರಿಸಿದ. ನನಗೆ ನಗು ಬಂತು. ಗುಡ್ಡವೂ ಇಲ್ಲದ, ಕಾಡೂ ಇಲ್ಲದ ನಮ್ಮ ಎರೆನೆಲಕ್ಕೆ ಈ ಸಣ್ಣದನ್ನು ಕರೆದವರು ಯಾರು? ಯಾರೂ ಕರೆದಿರಲಿಲ್ಲ. ತಾನೇ ಬಂದು, ಒಂದು ಆಲದ ಗಿಡ, ಒಂದು ಪೇರಲ ತೋಟ ಸಿಕ್ಕರೆ ಸಾಕು ಎಂದು ಕೂತಿತ್ತು.

ಆಯಿಯದೊಂದು ಕಟ್ಟುನಿಟ್ಟಿನ ಪದ್ಧತಿ ಇತ್ತು. ಕಂಚಗಾರ ಬಾಯಿ ಹಚ್ಚುವವರೆಗೆ ತೋಟದಲ್ಲಿ ಕಾಯಿ ಕೀಳುವ ಹಾಗಿರಲಿಲ್ಲ. ಪೇಟೆಯಲ್ಲಿ ಎಷ್ಟೇ ಗಿರಾಕಿ ಇರಲಿ, ಅಪ್ಪ ದಿನಾ ಬೆಳಿಗ್ಗೆ ತೋಟ ಸುತ್ತಿ ಹಕ್ಕಿ ಕುಕ್ಕಿದ ಮೊದಲ ಹಣ್ಣನ್ನು ಹುಡುಕಬೇಕು. ಅದನ್ನು ರುಮಾಲಿನಲ್ಲಿ ಕಟ್ಟಿಕೊಂಡು ಮನೆಗೆ ತರಬೇಕು. ಆಯಿ ಅದನ್ನು ತಾನೇ ಕೊಯ್ದು ಎಲ್ಲರ ಬಾಯಿಗೂ ಒಂದೊಂದು ಚೂರು ಇಟ್ಟ ಮೇಲೆಯೇ ಬುಟ್ಟಿಗಳು ಅಟ್ಟದಿಂದ ಇಳಿಯುತ್ತಿದ್ದವು.

"ಮನಶ್ಯಾಗ ಹಣ್ಣಿನ ಬಣ್ಣ ಕಾಣತೈತಿ. ಹಕ್ಕಿಗೆ ಒಳಗಿನ ಸಿಹಿ ಗೊತ್ತಾಕ್ಕೈತಿ. ಅದು ಬ್ಯಾಡ ಅಂದದ್ದನ್ನ ನೀ ಯಾವ ಮುಖಾ ಇಟ್ಕೊಂಡು ಮಾರ್ತೀ?" ಎಂದು ಆಯಿ ಅಪ್ಪನನ್ನು ಕೇಳುತ್ತಿದ್ದಳು.

ಹೀಗಾಗಿ ನಮ್ಮಲ್ಲಿ ಕಚ್ಚಿದ ಹಣ್ಣು ಎಂದರೆ ಉಳಿದುಬಳಿದದ್ದಲ್ಲ, ಪಾಸಾದದ್ದು. ಮನೆಯಲ್ಲಿ ಯಾರಿಗಾದರೂ ಜ್ವರ ಬಂದರೆ, ಬಸುರಿ ಹೆಣ್ಣುಮಗಳು ತವರಿಗೆ ಬಂದರೆ, ಕಂಚಗಾರ ಕುಕ್ಕಿದ್ದನ್ನೇ ಹುಡುಕಿ ಕೊಡುತ್ತಿದ್ದರು. ಪ್ರೀತಿಯವರಿಗೆ ಅದು, ಗಿರಾಕಿಗೆ ಇನ್ನೊಂದು. ನನಗೆ ತಿಳಿದ ಲೋಕ ಅಷ್ಟೇ. ಆ ಲೋಕದ ಲೆಕ್ಕ ಹಿಡಿದೇ ನಾನು ಆ ದಿನ ಮಾಡಬೇಕಾದದ್ದನ್ನು ಮಾಡಿದೆ.

ಅಕ್ಕನ ಹೆಸರು ಬೀಬಿಜಾನ. ಜೋರಾಗಿ ಮಾತಾಡಿ ಗೊತ್ತಿಲ್ಲದವಳು. ಅಪ್ಪ ಹಾಕಿದ ಗೆರೆ ದಾಟಿದವಳಲ್ಲ. ಮುದ್ದೇಬಿಹಾಳದ ಜವಳಿ ಅಂಗಡಿಯವರ ಮನೆಯಿಂದ ಅವಳಿಗೆ ಸಂಬಂಧ ಬಂದಾಗ ಅಪ್ಪನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಬಿಸಿಲಲ್ಲಿ ಗಾಡಿ ನೂಕಿ ನೂಕಿ, "ಏ ಪೇರಲಾ, ಇಲ್ಲಿ ಬಾರೋ" ಎಂದು ಕರೆಸಿಕೊಂಡೇ ಅರ್ಧ ಆಯುಷ್ಯ ಕಳೆದವನು ಅವನು. ಒಬ್ಬ ಮಗಳಾದರೂ ನೆರಳಲ್ಲಿ ಕೂಡಲಿ, ನಾಲ್ಕು ಜನ ಅವಳನ್ನು ಹೆಸರು ಹಿಡಿದು ಕರೆಯಲಿ ಎಂದು ಅವನ ಆಸೆ. ಅಕ್ಕನ ಆಸೆ ಬೇರೆಯಿತ್ತು, ಅದು ನನ್ನೊಬ್ಬಳಿಗೇ ಗೊತ್ತಿತ್ತು. ಮನಗೂಳಿಯ ಒಂದು ಮದುವೆಯಲ್ಲಿ ಅವಳು ಅದೇ ಮುದ್ದೇಬಿಹಾಳದ ಹುಡುಗನನ್ನು ನೋಡಿದ್ದಳು. ನನ್ನ ಜಡೆ ಹೆಣೆಯುತ್ತ ಮೆಲ್ಲಗೆ ಹೇಳಿದಳು:

"ಪಂಕ್ತ್ಯಾಗ ನೀರ ನೀಡಾಕತ್ತಿದ್ದ ಲೇ ರಜಿಯಾ. ಒಬ್ಬ ಮುದುಕಂದು ಕೈ ನಡಗಾಕತ್ತಿತ್ತು. ತಾನ ಗ್ಲಾಸ್ ಹಿಡದು ಕುಡಿಸಿದ. ಯಾರೂ ನೋಡಾಕತ್ತಿಲ್ಲ ಅಂತ ತಿಳ್ಕೊಂಡಿದ್ದ."

"ನೀ ನೋಡಾಕತ್ತಿದ್ದೆಲ್ಲ!"

"ಸುಮ್ನ ಕೂಡು, ಜಡಿ ಸೊಟ್ಟ ಆಕ್ಕೈತಿ," ಎಂದು ನನ್ನ ಕೂದಲನ್ನು ಸೆಳೆದಳು. ಅವಳ ಕಿವಿ ಕೆಂಪಾಗಿತ್ತು.

ಹೆಣ್ಣು ನೋಡಲು ಮೊದಲ ಸಲ ಬಂದವರು ಹುಡುಗನ ತಾಯಿ ಮತ್ತು ಅವನ ಸೋದರಮಾವ. ಪಡಸಾಲೆಗೆ ಓಣಿಯವರ ಹತ್ತಿರ ಬೇಡಿ ತಂದ ಜಮಖಾನೆ ಹಾಸಿದ್ದೆವು. ಅಕ್ಕ ಬಂದು ಸಲಾಮು ಮಾಡಿ ಒಳಗೆ ಹೋಗಿದ್ದಳು. ಪೇಟೆಗೆಂದು ಆರಿಸಿಟ್ಟ ನುಣುಪು ಹಣ್ಣನ್ನೇ ಹೆಚ್ಚಿ ಕೊಡು ಎಂದು ಅಪ್ಪ ನನಗೆ ತಾಕೀತು ಮಾಡಿದ್ದ. ಅಡುಗೆಮನೆಯಲ್ಲಿ ಅದನ್ನು ಹೆಚ್ಚಿ ಒಂದು ಚೂರು ಬಾಯಿಗೆ ಹಾಕಿಕೊಂಡೆ. ಸಪ್ಪೆ. ನೋಡಲಿಕ್ಕೆ ಚೆಂದ, ತಿಂದರೆ ಹಸಿ ಬದನೆಕಾಯಿ. ನಮ್ಮ ಅಕ್ಕನನ್ನು ಒಯ್ಯುವವರಿಗೆ ಇದನ್ನು ಕೊಡುವುದೇ? ಗಿರಾಕಿಗಳೇನು ಅವರು? ನಾನು ಅದನ್ನು ಬದಿಗೆ ಸರಿಸಿ, ಕಚ್ಚಿದ ಬುಟ್ಟಿಗೆ ಕೈ ಹಾಕಿದೆ. ಕಂಚಗಾರ ಕುಕ್ಕಿದ್ದನ್ನೇ ಆರಿಸಿ, ಗುರುತು ಉಳಿಯದಂತೆ ಕೆತ್ತಿ, ಸೇವಂತಿಗೆಯ ಹಾಗೆ ಹೆಚ್ಚಿ ತಾಟಿನಲ್ಲಿ ಜೋಡಿಸಿ ಒಯ್ದು ಇಟ್ಟೆ. ಹುಡುಗನ ತಾಯಿ ಒಂದು ಚೂರು ತಿಂದವರು ಇನ್ನೊಂದು ತೆಗೆದುಕೊಂಡರು, ಆಮೇಲೆ ತಾಟನ್ನೇ ಹತ್ತಿರ ಎಳೆದುಕೊಂಡರು.

"ಯವ್ವಾ, ಎಂಥಾ ಸಕ್ಕರಿ ಹಣ್ಣರೀ ಇವು! ಮುದ್ದೇಬಿಹಾಳದಾಗ ಹಿಂಥಾವು ಕಾಣಾಕೂ ಸಿಗಂಗಿಲ್ಲ."

"ಮನಿಗೆ ಒಂದಿಷ್ಟು ಒಯ್ಯೂಣೇನ್ರಿ ಲಾಲಸಾಬ?" ಎಂದರು ಸೋದರಮಾವ ಬೆರಳು ನೆಕ್ಕುತ್ತ.

ಅಪ್ಪ ಉಬ್ಬಿಹೋದ. ನಾನಂತೂ ಅವನಿಗಿಂತ ಹೆಚ್ಚು ಉಬ್ಬಿದೆ. ಯಾರೂ ಹೇಳದೆಯೇ ಒಳಗೆ ಓಡಿ ಬುಟ್ಟಿಯನ್ನೇ ಎತ್ತಿ ತಂದು ಅವರ ಮುಂದೆ ಇಟ್ಟೆ. ತೂತು ಬಿದ್ದ ಹಣ್ಣುಗಳು, ಕೊಕ್ಕು ಕುಕ್ಕಿ ಕಂದಿದ ಹಣ್ಣುಗಳು, ಅರ್ಧ ಬಯಲಾಗಿ ಬೀಜ ಕಾಣುತ್ತಿದ್ದ ಹಣ್ಣುಗಳು. ಹುಡುಗನ ತಾಯಿ ಬಾಯಲ್ಲಿದ್ದುದನ್ನು ಸೆರಗಿಗೆ ಉಗಿದರು.

"ಏನಿದು? ಹಕ್ಕಿ ಎಂಜಲಾ? ಬೀಗರಿಗೆ ಎಂಜಲಾ ತಿನ್ನಸ್ತೀರೇನು ನೀವು?"

"ಮಾಫ್ ಮಾಡ್ರಿ ಅಕ್ಕಾರ, ಕೂಸು, ತಿಳೀಲಿಲ್ಲ..." ಅಪ್ಪ ಎರಡೂ ಕೈ ಜೋಡಿಸಿದ. ನನ್ನ ಕಡೆ ತಿರುಗಿ, "ಕೇಳ ಮಾಫಿ!" ಎಂದು ಗದರಿದ.

"ನಾ ಯಾಕ ಕೇಳಲಿ? ಚಲೋದು ಹುಡುಕಿ ಕೊಟ್ಟೇನಿ. ಚಲೋ ಐತಿ ಅಂತ ಅವರೂ ಅಂದಾರ."

ಅಪ್ಪ ಹೊಡೆದ. ಅದಕ್ಕೂ ಮೊದಲು ಅವನು ನನ್ನ ಮೇಲೆ ಕೈ ಎತ್ತಿರಲಿಲ್ಲ. ನಾನು ಅಳಲಿಲ್ಲ, ಮಾಫಿ ಕೇಳಲೂ ಇಲ್ಲ. ಇವತ್ತಿಗೂ ಅದನ್ನು ತಪ್ಪೆಂದು ಒಪ್ಪುವುದಿಲ್ಲ. ಬಂದವರು ಚಹಾ ಮುಟ್ಟದೆ ಎದ್ದು ಹೋದರು.

ಕೆಲವು ದಿನಗಳಲ್ಲೇ ಮುದ್ದೇಬಿಹಾಳದಿಂದ ಮಾತು ಬಂತು. ಹುಡುಗಿ ಮನಸ್ಸಿಗೆ ಬಂದಿದ್ದಾಳೆ, ಸಂಬಂಧ ಬಿಡುವುದಿಲ್ಲ, ಆದರೆ ಆ ಸಣ್ಣ ಹುಡುಗಿ ಹಿರಿಯರ ಮುಂದೆ ಮಾಫಿ ಕೇಳಬೇಕು. ಮುಂದಿನ ವಾರ ಹುಡುಗನನ್ನೂ ಕರೆದುಕೊಂಡು ಬರುತ್ತೇವೆ. ಆ ವಾರ ನಮ್ಮ ಮನೆಯಲ್ಲಿ ಒಲೆಗಿಂತ ಮಂದಿಯೇ ಹೆಚ್ಚು ಉರಿದರು. ಆರಿಸಲು ಕೂತರೆ ಜಗಳ, ಉಣ್ಣಲು ಕೂತರೆ ಜಗಳ. ಆಯಿ ನನ್ನ ಕಡೆ.

"ಎಂಜಲಾ ಅಂತ, ಎಂಜಲಾ! ಜೇನತುಪ್ಪ ನೆಕ್ಕೂಮುಂದ ಅದು ಯಾರ ಎಂಜಲಾ ಅಂತ ಕೇಳ್ತಾರೇನ ಲಾಲ್ಯಾ ನಿನ್ನ ಬೀಗರು?"

"ಅವ್ವಾ, ನಿನಗ ಕೈ ಮುಗೀತೇನಿ, ಬಾಯಿ ಮುಚ್ಚು. ಹುಡುಗಿ ಬಾಳೇವು ಐತಿ ಇದರಾಗ. ನಾ ಸತ್ತ ಮ್ಯಾಲೂ ಅಕಿ ಇಲ್ಲೇ ಬುಟ್ಟ್ಯಾಗ ಕೈ ಆಡಸ್ಕೋಂತ ಕೂಡಬೇಕೇನು?"

ನಮ್ಮವ್ವ ಇಬ್ಬರ ಮಾತಿಗೂ ಹೂಂಗುಟ್ಟುತ್ತ ರೊಟ್ಟಿ ಬಡಿಯುತ್ತಿದ್ದಳು. ಬಡಿತ ಮಾತ್ರ ದಿನದಿನಕ್ಕೆ ಜೋರಾಗುತ್ತಿತ್ತು. ಆ ದಿನಗಳಲ್ಲಿ ಅಕ್ಕ ನನಗೆ ‘ಕೇಳು’ ಎಂದೂ ಹೇಳಲಿಲ್ಲ, ‘ಕೇಳಬೇಡ’ ಎಂದೂ ಹೇಳಲಿಲ್ಲ. ಬುಟ್ಟಿಗಳ ಸಂದಿಯಲ್ಲಿ ನನ್ನ ಮಗ್ಗುಲಿಗೆ ಮಲಗಿದವಳು ಕಣ್ಣು ತೆರೆದೇ ಇರುತ್ತಿದ್ದಳು. ಅದನ್ನು ನೋಡಿ ನೋಡಿ ನನ್ನ ಹಟದ ಗಂಟು ಸಡಿಲವಾಗತೊಡಗಿತು. ಮುದುಕನಿಗೆ ನೀರು ಕುಡಿಸಿದ ಆ ಹುಡುಗ ನೆನಪಾಗುತ್ತಿದ್ದ. ನನ್ನ ಒಂದು ಮಾತಿಗೆ ಅಕ್ಕನ ಮದುವೆ ನಿಂತಿದೆ ಎಂದರೆ, ಸುಡಲಿ ಅತ್ತ, ಕೇಳಿಬಿಡುತ್ತೇನೆ ಎಂದು ಮನಸ್ಸು ಮಾಡಿಕೊಂಡೆ. ಒಳಗೆ ಬೆಂಕಿಯಿತ್ತು, ಆದರೂ ಮನಸ್ಸು ಮಾಡಿದೆ. ಅಪ್ಪನಿಗೆ ಹೇಳಿದಾಗ ಅವನು ನನ್ನ ತಲೆಯ ಮೇಲೆ ಕೈ ಇಟ್ಟ.

ಬಂದರು. ಈ ಸಲ ಅಪ್ಪ ವಿಜಯಪುರದಿಂದ ಸೇಬು ತರಿಸಿದ್ದ. ಹಣ್ಣಿನವನ ಮನೆಯಲ್ಲಿ ಬೇರೆ ಊರಿನ ಹಣ್ಣು, ಅದೂ ಕಾಗದ ಸುತ್ತಿದ್ದು! ಆಯಿ ಅದನ್ನು ಕಂಡು ಅಡುಗೆಮನೆಗೆ ಹೋಗಿ ಗೋಡೆಗೆ ಮುಖ ಹಾಕಿ ಕೂತಳು. ಹುಡುಗ ತಾಯಿಯ ಪಕ್ಕದಲ್ಲಿ ಕೂತಿದ್ದ. ಮೃದು ಮುಖ. ಅಕ್ಕ ಹೇಳಿದ್ದು ನಿಜವಿರಬಹುದು ಎನ್ನಿಸಿತು. ಹಣ್ಣಿನ ಕೋಣೆಯ ಬಾಗಿಲ ಪರದೆಯ ಹಿಂದೆ ಅಕ್ಕ ಹೊಸ ಸೀರೆಯುಟ್ಟು ನಿಂತಿದ್ದಳು. ಕರೆದಾಗ ಬರಬೇಕು, ಅದು ರೂಢಿ. ಸೋದರಮಾವ ಗಂಟಲು ಸರಿಮಾಡಿಕೊಂಡರು.

"ಹಿಂದಿಂದು ಹೋತು. ಹುಡುಗಿ ಮಾಫಿ ಕೇಳಲಿ. ಜೋಡಿಗೆ, ಈ ಮನ್ಯಾಗ ಇನ್ನ ಮ್ಯಾಲೆ ಆ ಎಂಜಲಾ ಯಾರೂ ತಿನ್ನಂಗಿಲ್ಲ ಅಂತ ಒಂದ ಮಾತ ಹೇಳಲಿ. ನಾಳೆ ಸೊಸಿ ಅದ ಚಟಾ ನಮ್ಮನಿಗೆ ತರಬಾರದಲ್ಲ."

ಎರಡನೆಯ ಮಾತು ಒಪ್ಪಂದದಲ್ಲಿ ಇರಲಿಲ್ಲ. ಅಪ್ಪನ ಮುಖ ನೋಡಿದೆ. ಅವನು ನೆಲ ನೋಡುತ್ತಿದ್ದ. ನಾನು ಎದ್ದು ನಿಂತೆ. ಕೈ ಜೋಡಿಸಿದೆ. ಬಾಯಿ ತೆರೆದೆ.

"ರಜಿಯಾ, ಕೂಡು."

ಪರದೆ ಸರಿಸಿಕೊಂಡು ಅಕ್ಕ ಹೊರಗೆ ಬಂದಿದ್ದಳು. ಯಾರೂ ಕರೆದಿರಲಿಲ್ಲ. ಬಂದು ನನ್ನ ಜೋಡಿಸಿದ ಕೈಗಳನ್ನು ಹಿಡಿದು ಬಿಡಿಸಿದಳು. ಬಂದವರ ಕಡೆ ತಿರುಗಿದಳು.

"ನಮ್ಮನ್ಯಾಗ ಇದ್ದುದರಾಗ ಚಲೋ ಹಣ್ಣ ಅಕಿ ನಿಮಗ ಕೊಟ್ಟಾಳ್ರಿ. ಚಲೋ ಐತಿ ಅಂತ ನೀವೂ ತಿಂದೀರಿ. ಅದಕ್ಕ ಮಾಫಿ ಕೇಳೂದು ಹ್ಯಾಂಗ್ರಿ? ಹಕ್ಕಿ ಬಾಯಿ ಹಚ್ಚಿದ್ದು ತಿಂದ ಬೆಳದಾಕಿ ನಾ. ನಿಮ್ಮನಿಗೆ ಬಂದರೂ ತಿಂತೇನಿ. ಇದನ್ನ ಈಗ ಹೇಳಬೇಕು, ಆಮ್ಯಾಲೆ ಹೇಳಿದ್ರ ಮೋಸಾ ಆಕ್ಕೈತಿ."

ಆಮೇಲೆ ಅವಳು ಹುಡುಗನ ಕಡೆ ನೋಡಿದಳು. ನೆಟ್ಟಗೆ, ತಲೆ ತಗ್ಗಿಸದೆ, ಹೆಣ್ಣು ನೋಡಲು ಬಂದವನನ್ನು ಹೆಣ್ಣೇ ನೋಡುವ ಹಾಗೆ ನೋಡುತ್ತ ನಿಂತಳು. ಅವನು ಒಂದು ಮಾತು ಆಡಿದ್ದರೆ ಸಾಕಿತ್ತು. ‘ಇರಲಿ ಬಿಡವ್ವಾ’ ಎಂದಿದ್ದರೂ ಸಾಕಿತ್ತು. ಅವನು ಒಮ್ಮೆ ಬಾಯಿ ಬಿಟ್ಟದ್ದನ್ನು ನಾನು ಕಂಡೆ. ತಾಯಿಯ ಕೈ ಅವನ ಮೊಣಕಾಲಿನ ಮೇಲೆ ಬಂದು ಕೂತಿತು, ಅವನು ಬಾಯಿ ಮುಚ್ಚಿದ. ಅಕ್ಕ ಆಮೇಲೆ ಸಾವಕಾಶವಾಗಿ ಸೇಬಿನ ತಾಟು ಎತ್ತಿಕೊಂಡು ಒಳಗೆ ಹೋದಳು.

ಹೊರಟವರನ್ನು ಕಳಿಸಲು ಅಪ್ಪ ಬಾಗಿಲವರೆಗೆ ಹೋದ. ಸೋದರಮಾವ ಚಪ್ಪಲಿ ಮೆಟ್ಟಿಕೊಳ್ಳುತ್ತ ಓಣಿಗೆಲ್ಲ ಕೇಳುವ ಹಾಗೆ ಅಂದರು:

"ಲಾಲಸಾಬ, ಹೆಣ್ಣಮಕ್ಕಳನ್ನ ಹಿಂಗ ಬೆಳಸಬಾರದ್ರಿ."

ಅಪ್ಪ ಮತ್ತೆ ಕೈ ಜೋಡಿಸುತ್ತಾನೆ ಎಂದು ನಾನು ಹೆದರಿದೆ. ಅವನ ಕಣ್ಣಲ್ಲಿ ನೀರಿತ್ತು. ಎಷ್ಟು ವರ್ಷಗಳ ಆಸೆ ಚಪ್ಪಲಿ ಮೆಟ್ಟಿಕೊಂಡು ಹೋಗುತ್ತಿತ್ತೋ ಅವನಿಗೇ ಗೊತ್ತು. ಆದರೆ ಅವನು ಕೈ ಜೋಡಿಸಲಿಲ್ಲ.

"ಬೆಳಸಿಬಿಟ್ಟೇನ್ರಿ. ಇನ್ನೇನ ಮಾಡೂದೈತಿ? ಸಾವಕಾಶ ಹೋಗಿ ಬರ್ರಿ," ಎಂದ.

ನಾನು ಹಣ್ಣಿನ ಕೋಣೆಗೆ ಓಡಿದೆ. ಗೆದ್ದೆವು ಎಂದು ಕುಣಿಯುತ್ತ ಹೋದವಳು ಬಾಗಿಲಲ್ಲೇ ನಿಂತೆ. ಅಕ್ಕ ಬುಟ್ಟಿಗಳ ನಡುವೆ ನೆಲದ ಮೇಲೆ ಕೂತು, ಹೊಸ ಸೀರೆಯ ಸೆರಗನ್ನು ಬಾಯಿಗೆ ತುರುಕಿಕೊಂಡು ಅಳುತ್ತಿದ್ದಳು. ಅಷ್ಟು ಅತ್ತದ್ದನ್ನು ನಾನು ಕಂಡಿರಲಿಲ್ಲ. ಮುಂದೆ ಅವಳು ಮದುವೆಯಾಗಿ ಇನ್ನೊಂದು ಮನೆಗೆ ನಡೆದಾಗಲೂ ಅಷ್ಟು ಅಳಲಿಲ್ಲ. ಹತ್ತಿರ ಹೋಗಿ ಅವಳ ಭುಜ ಹಿಡಿದೆ.

"ಅಕ್ಕಾ, ಅವರು ಇನ್ನೂ ಬಸ್‌ಸ್ಟ್ಯಾಂಡ್‌ನ್ಯಾಗ ಇರ್ತಾರ. ನಾ ಓಡಿ ಹೋಗಿ ಮಾಫಿ ಕೇಳ್ತೇನಿ. ನಿನ್ನಾಣಿ, ಕೇಳ್ತೇನಿ."

ಅಕ್ಕ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದು ಕೆಳಗೆ ಎಳೆದು ಕೂರಿಸಿದಳು. ಮೂಗು ಒರೆಸಿಕೊಂಡಳು.

"ಅಳು ಬಂದೈತಿ, ಅಳಾಕತ್ತೇನಿ. ಅಂದಮಾತ್ರಕ್ಕ ನಾ ಹೇಳಿದ್ದು ತಪ್ಪಲ್ಲ. ಕೂಡಿಲ್ಲಿ."